ಅಂತರಿಕ್ಷದಿಂದ ಮರಳುವ ನೌಕೆಯ ಜಾಡು

2025ರ ಜುಲೈ 15ರಂದು ಭಾರತೀಯ ಕಾಲಮಾನ ಮಧ್ಯಾಹ್ನ 3 ಗಂಟೆ 1 ನಿಮಿಷಕ್ಕೆ, ಅಮೆರಿಕದ ಸ್ಯಾನ್ ಡಿಯೆಗೊ ಕರಾವಳಿಯಾಚೆಯ ಶಾಂತಸಾಗರದಲ್ಲಿ 'ಗ್ರೇಸ್' ಹೆಸರಿನ ಡ್ರ್ಯಾಗನ್ ನೌಕೆಯೊಂದು ಬಂದು ಇಳಿಯಿತು. ಅದರೊಳಗೆ ಭಾರತದ ಶುಭಾಂಶು ಶುಕ್ಲಾ, ಅಮೆರಿಕದ ಪೆಗ್ಗಿ ವಿಟ್ಸನ್ ಹಾಗೂ ಪೋಲೆಂಡ್ ಮತ್ತು ಹಂಗೇರಿಯ ತಲಾ ಒಬ್ಬ ಯಾತ್ರಿಗಳಿದ್ದರು. ಉಡಾವಣೆಯ ಅಬ್ಬರವನ್ನು ನೋಡಿ ಚಪ್ಪಾಳೆ ತಟ್ಟುವವರು ಬಹಳ. ಆದರೆ ಮಾನವಸಹಿತ ಯಾನದ ನಿಜವಾದ ಪರೀಕ್ಷೆ ನಡೆಯುವುದು ಮರಳುವಾಗ. ಭೂಮಿಯ ಮೇಲಿರುವವರು ಈ ಮರುಪಯಣವನ್ನು ಹೇಗೆ ಅನುಸರಿಸುತ್ತಾರೆ, ಅದರಲ್ಲಿ ಒಂದು ಸಣ್ಣ ಬಿಡಿಭಾಗಕ್ಕೂ ಎಷ್ಟು ಬೆಲೆಯಿದೆ ಎಂಬುದು ಉದ್ಯಮಿಗಳು ತಿಳಿದಿರಬೇಕಾದ ಸಂಗತಿ.

ವೇಗವನ್ನು ಕಳೆಯುವ ಲೆಕ್ಕ

ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವು ಸುಮಾರು 400 ಕಿ.ಮೀ. ಎತ್ತರದಲ್ಲಿ ಗಂಟೆಗೆ ಸುಮಾರು 28,000 ಕಿ.ಮೀ. ವೇಗದಲ್ಲಿ ಸುತ್ತುತ್ತದೆ. ಅಲ್ಲಿಂದ ಹೊರಡುವ ನೌಕೆಯೂ ಅದೇ ವೇಗದಲ್ಲಿರುತ್ತದೆ. ಇಷ್ಟೊಂದು ವೇಗವನ್ನು ಇಂಧನ ಸುಟ್ಟು ತಗ್ಗಿಸುವುದಾದರೆ ಮೇಲಕ್ಕೆ ಒಯ್ಯಬೇಕಾದ ಇಂಧನವೇ ಬೆಟ್ಟದಷ್ಟಾದೀತು. ಆದ್ದರಿಂದ ಎಂಜಿನುಗಳು ಹಿಮ್ಮುಖವಾಗಿ ಉರಿದು ವೇಗದ ಒಂದೆರಡು ಶೇಕಡಾ ಮಾತ್ರ ತಗ್ಗಿಸುತ್ತವೆ. ಕಕ್ಷೆ ಬಾಗಿ ನೌಕೆ ವಾಯುಮಂಡಲವನ್ನು ಹೊಗುತ್ತದೆ. ಉಳಿದ ವೇಗವನ್ನೆಲ್ಲ ಕಳೆಯುವುದು ಗಾಳಿಯೇ.

ಗ್ರೇಸ್ ನೌಕೆ ಜುಲೈ 14ರ ಸಂಜೆ ನಿಲ್ದಾಣದಿಂದ ಬಿಡಿಸಿಕೊಂಡಿತು. ಮರುದಿನ ಮಧ್ಯಾಹ್ನ 2 ಗಂಟೆ 7 ನಿಮಿಷಕ್ಕೆ ಆರಂಭವಾದ ದಹನ ಸುಮಾರು 18 ನಿಮಿಷ ನಡೆಯಿತು. ಆ ಹೊತ್ತಿನಲ್ಲಿ ನೌಕೆ ಸೆಕೆಂಡಿಗೆ ಏಳೂವರೆ ಕಿ.ಮೀ.ಗಿಂತ ಹೆಚ್ಚು ದೂರ ಸಾಗುತ್ತಿರುತ್ತದೆ. ದಹನವು ಕೆಲವೇ ಸೆಕೆಂಡು ಹಿಂದುಮುಂದಾದರೂ ಇಳಿಯುವ ತಾಣ ಹತ್ತಾರು ಕಿ.ಮೀ. ಆಚೀಚೆಯಾಗುತ್ತದೆ.

ಮೌನದ ನಿಮಿಷಗಳು

ಮುನ್ನುಗ್ಗುವ ನೌಕೆಯ ಮುಂದೆ ಗಾಳಿ ಒತ್ತಲ್ಪಟ್ಟು ವಿಪರೀತ ಕಾಯುತ್ತದೆ. ಹೊರಮೈಯ ಬಳಿ ಉಷ್ಣತೆ ಸುಮಾರು 1,900 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಶಾಖಕವಚವು ತಾನು ಅಷ್ಟಷ್ಟೇ ಸವೆಯುತ್ತ ಆ ಬಿಸಿಯನ್ನು ಒಳಗೆ ಬಿಡದೆ ತಡೆಯುತ್ತದೆ. ಕಾದ ಗಾಳಿ ವಿದ್ಯುದಾವಿಷ್ಟವಾಗಿ ನೌಕೆಯನ್ನು ಸುತ್ತುವರಿಯುವುದರಿಂದ ರೇಡಿಯೋ ಸಂಕೇತಗಳು ಕೆಲವು ನಿಮಿಷ ಕಡಿದುಹೋಗುತ್ತವೆ. ನಿಯಂತ್ರಣ ಕೇಂದ್ರದವರು ಆಗ ಮಾಡಬಹುದಾದದ್ದು ಏನೂ ಇಲ್ಲ. ನೌಕೆಯ ಗಣಕವೇ ಅದನ್ನು ನಡೆಸುತ್ತದೆ. ಎಷ್ಟು ಹೊತ್ತಿಗೆ, ಎಲ್ಲಿ ಮತ್ತೆ ಸಂಕೇತ ಸಿಗಬೇಕೆಂಬ ಲೆಕ್ಕ ಮಾತ್ರ ಮೊದಲೇ ಕೈಯಲ್ಲಿರುತ್ತದೆ. ಆ ಗಳಿಗೆಗೆ ಧ್ವನಿ ಕೇಳಿಸಿದರೆ ಎಲ್ಲರಿಗೂ ನಿರಾಳ.

ಅನಂತರ ಸುಮಾರು 5.5 ಕಿ.ಮೀ. ಎತ್ತರದಲ್ಲಿ ಎರಡು ಸಣ್ಣ ಪ್ಯಾರಾಚೂಟುಗಳೂ, ಸುಮಾರು 1.8 ಕಿ.ಮೀ. ಎತ್ತರದಲ್ಲಿ ನಾಲ್ಕು ದೊಡ್ಡ ಪ್ಯಾರಾಚೂಟುಗಳೂ ಬಿಚ್ಚಿಕೊಳ್ಳುತ್ತವೆ. ನೀರು ಮುಟ್ಟುವಾಗ ವೇಗ ಗಂಟೆಗೆ ಸುಮಾರು 25 ಕಿ.ಮೀ. ಮಾತ್ರ. ದೋಣಿಗಳಲ್ಲಿ ಬರುವ ಸಿಬ್ಬಂದಿ ಮೊದಲು ಸುತ್ತಲೂ ವಿಷಕಾರಿ ಇಂಧನದ ಆವಿ ಇಲ್ಲವೆಂದು ಖಚಿತಪಡಿಸಿಕೊಂಡು, ಬಳಿಕವೇ ನೌಕೆಯನ್ನು ಹಡಗಿಗೆ ಏರಿಸುತ್ತಾರೆ. ಗ್ರೇಸ್ ತನ್ನೊಡನೆ ಸುಮಾರು 263 ಕೆ.ಜಿ. ಸರಕನ್ನೂ ತಂದಿತು. ಈ ಯಾನದಲ್ಲಿ ಶುಕ್ಲಾ ಅವರು ನಡೆಸಿದ ಪ್ರಯೋಗಗಳ ಪೈಕಿ ಧಾರವಾಡದ ಕೃಷಿ ವಿಶ್ವವಿದ್ಯಾಲಯವು ಪಾಲ್ಗೊಂಡಿದ್ದ ಹೆಸರುಕಾಳು ಮತ್ತು ಮೆಂತ್ಯದ ಮೊಳಕೆಯ ಪ್ರಯೋಗವೂ ಒಂದು.

ಒಂದು ಬೋಲ್ಟಿನ ಬೆಲೆ

ಎಲ್ಲ ಮರುಪಯಣಗಳೂ ಹೀಗೆ ಸುಗಮವಾಗಿರುವುದಿಲ್ಲ. ಅದನ್ನು ಪೆಗ್ಗಿ ವಿಟ್ಸನ್ ಅವರಿಗಿಂತ ಚೆನ್ನಾಗಿ ಬಲ್ಲವರು ವಿರಳ. 2008ರ ಏಪ್ರಿಲ್ 19ರಂದು ಅವರು ರಷ್ಯದ ಯೂರಿ ಮಾಲೆಂಚೆಂಕೊ ಮತ್ತು ದಕ್ಷಿಣ ಕೊರಿಯದ ಯಿ ಸೋ-ಯೆಯೋನ್ ಅವರೊಡನೆ ಸೋಯುಜ್ ಟಿಎಂಎ-11 ನೌಕೆಯಲ್ಲಿ ಮರಳುತ್ತಿದ್ದರು. ವಾಯುಮಂಡಲ ಪ್ರವೇಶಕ್ಕೆ ಮುನ್ನ ಕಳಚಿಕೊಳ್ಳಬೇಕಾಗಿದ್ದ ಯಂತ್ರಭಾಗವು ಸರಿಯಾಗಿ ಬೇರ್ಪಡಲಿಲ್ಲ. ಶಾಖಕವಚ ಮುಂದಿರಬೇಕಾದ ಕಡೆ ನೌಕೆ ಓರೆಯಾಗಿ ಬಿಸಿಗೆ ಒಡ್ಡಿಕೊಂಡಿತು. ಕೊನೆಗೆ ಆ ಭಾಗ ಕಿತ್ತುಹೋಗಿ ನೌಕೆ ನೆಟ್ಟಗಾಯಿತಾದರೂ ಕಡಿದಾದ ದಾರಿಯಲ್ಲಿ ಬಿದ್ದಿತು. ಯಾತ್ರಿಗಳ ಮೇಲೆ ತಮ್ಮ ತೂಕದ ಎಂಟು ಪಟ್ಟಿಗೂ ಹೆಚ್ಚಿನ ಭಾರ ಬಿತ್ತು. ಕಜಾಕಿಸ್ತಾನದಲ್ಲಿ ನಿಗದಿಯಾಗಿದ್ದ ತಾಣಕ್ಕಿಂತ ನಾನ್ನೂರು ಕಿ.ಮೀ.ಗೂ ಹೆಚ್ಚು ಹಿಂದೆಯೇ ಅವರು ಇಳಿದರು. ಮೂವರೂ ಬದುಕಿದರು.

ತನಿಖೆಯ ಸಂಶಯ ನೆಟ್ಟದ್ದು ಎರಡು ಭಾಗಗಳನ್ನು ಬಿಗಿದು, ಸಮಯಕ್ಕೆ ಸಿಡಿದು ಬಿಡಿಸುವ ಬೋಲ್ಟುಗಳ ಮೇಲೆ. 2007ರ ಅಕ್ಟೋಬರಿನಲ್ಲಿ ಮರಳಿದ್ದ ಹಿಂದಿನ ಸೋಯುಜ್ ಕೂಡ ದಾರಿ ತಪ್ಪಿ ಇಳಿದಿತ್ತು. ಹೀಗಾಗಿ ದೋಷವನ್ನು ಆಕಸ್ಮಿಕವೆಂದು ತಳ್ಳಿಹಾಕುವಂತಿರಲಿಲ್ಲ. ನಿಲ್ದಾಣದಲ್ಲಿ ಆಗಲೇ ಮುಂದಿನ ನೌಕೆ ನಿಂತಿತ್ತು. 2008ರ ಜುಲೈ 10ರಂದು ಇಬ್ಬರು ರಷ್ಯನ್ ಯಾತ್ರಿಗಳು ಹೊರಗೆ ಹೋಗಿ, ಅದರಿಂದ ಸಿಡಿಯುವ ಬೋಲ್ಟೊಂದನ್ನು ಬಿಚ್ಚಿ, ಭದ್ರ ಡಬ್ಬಿಯಲ್ಲಿಟ್ಟು ಒಳತಂದರು. ಆ ನೌಕೆ ಅದೇ ವರ್ಷದ ಅಕ್ಟೋಬರ್ 24ರಂದು ಸುರಕ್ಷಿತವಾಗಿ ಇಳಿಯಿತು.

ಪೀಣ್ಯದ ಪಾತ್ರ

ಈ ವಿದ್ಯೆ ಕರ್ನಾಟಕಕ್ಕೆ ದೂರದ್ದಲ್ಲ. ಸಾವಿರಾರು ಸಣ್ಣ ಕಾರ್ಖಾನೆಗಳಿರುವ ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿಯೇ ಇಸ್ರೋದ ಅನ್ವೇಷಣ ಹಾಗೂ ನಿಯಂತ್ರಣ ಜಾಲವಾದ ಇಸ್ಟ್ರಾಕ್ ನೆಲೆಸಿದೆ. 2007ರ ಜನವರಿ 10ರಂದು ಕಕ್ಷೆಗೆ ಏರಿದ ಸುಮಾರು 550 ಕೆ.ಜಿ. ತೂಕದ ಎಸ್‌ಆರ್‌ಇ-1 ಎಂಬ ಮಾನವರಹಿತ ಕೋಶವನ್ನು ಬೆಂಗಳೂರಿನಿಂದಲೇ ನಿಯಂತ್ರಿಸಿ, ಜನವರಿ 22ರಂದು ಬಂಗಾಳ ಕೊಲ್ಲಿಯಲ್ಲಿ ಇಳಿಸಲಾಯಿತು. ಕಕ್ಷೆಯಿಂದ ವಸ್ತುವೊಂದನ್ನು ಸುರಕ್ಷಿತವಾಗಿ ಮರಳಿ ತರುವ ಸಾಮರ್ಥ್ಯವನ್ನು ಭಾರತ ತೋರಿದ್ದು ಆಗಲೇ. 2025ರ ಆಗಸ್ಟ್ 24ರಂದು ಗಗನಯಾನ ಯೋಜನೆಯ ಪ್ಯಾರಾಚೂಟುಗಳನ್ನು ಪರೀಕ್ಷಿಸಲು ಮಾದರಿ ಕೋಶವೊಂದನ್ನು ಹೆಲಿಕಾಪ್ಟರಿನಿಂದ ಕೆಳಕ್ಕೆ ಬಿಡಲಾಯಿತು.

ಇಂತಹ ಯೋಜನೆಗಳು ಬಿಡಿಭಾಗಗಳಿಗಾಗಿ ಖಾಸಗಿ ಉದ್ಯಮವನ್ನೂ ಅವಲಂಬಿಸಿವೆ. ಸಣ್ಣ ತಯಾರಕರಿಗೆ ಟಿಎಂಎ-11ರ ಪಾಠ ಸ್ಪಷ್ಟವಾಗಿದೆ. ಬೋಲ್ಟಿನ ದರ ಬಿಲ್ಲಿನಲ್ಲಿ ಚಿಕ್ಕದಿರಬಹುದು. ಅದು ಕೆಲಸ ಮಾಡದಿದ್ದಾಗ ಆಗುವ ನಷ್ಟಕ್ಕೂ ಆ ದರಕ್ಕೂ ಸಂಬಂಧವಿಲ್ಲ. ಯಾವ ಲೋಹ, ಯಾವ ತಂಡದ ಉತ್ಪಾದನೆ, ಯಾರು ಪರೀಕ್ಷಿಸಿದರು ಎಂಬ ದಾಖಲೆಯನ್ನು ಪ್ರತಿ ಭಾಗಕ್ಕೂ ಇಟ್ಟುಕೊಂಡವರು ಮಾತ್ರ, ದೋಷ ಕಂಡ ದಿನ ಅದರ ಮೂಲಕ್ಕೆ ಹೋಗಬಲ್ಲರು. ಅಂತಹ ದಾಖಲೆ ಇಲ್ಲದ ಕಾರ್ಖಾನೆಗೆ ಗುಣಮಟ್ಟವಿದ್ದರೂ ಅದನ್ನು ಸಾಬೀತುಪಡಿಸುವ ದಾರಿಯಿರುವುದಿಲ್ಲ.