ಸಾವಿನ ಲೆಕ್ಕದಲ್ಲಿ ಒಂದು ಹೊಸ ಅಂಕಣ

ಮನೆಯ ಹಿರಿಯರೊಬ್ಬರು ತೀರಿಕೊಂಡಾಗ ನಗರಪಾಲಿಕೆಯಿಂದ ಪಡೆಯುವ ಮರಣಪತ್ರವು ಬ್ಯಾಂಕಿಗೂ ಜೀವವಿಮೆಗೂ ಸಲ್ಲಿಸಬೇಕಾದ ಕಾಗದವೆಂದೇ ಸಾಮಾನ್ಯರ ಭಾವನೆ. ಕೆಲಸ ಮುಗಿದೊಡನೆ ಅದು ಪೆಟ್ಟಿಗೆಯ ತಳವನ್ನು ಸೇರುತ್ತದೆ. ಆದರೆ ಆ ಪತ್ರದ ಹಿಂದೆ ನೋಂದಣಿ ಕಚೇರಿಯಲ್ಲಿ ಉಳಿಯುವ ವಿವರಗಳಿಗೆ ಬೇರೊಂದು ಉಪಯೋಗವಿದೆ. ಅವನ್ನು ಒಟ್ಟುಗೂಡಿಸಿ, ಹೆಸರುಗಳನ್ನು ಬಿಟ್ಟು, ಸಾರ್ವಜನಿಕರ ಮುಂದಿಟ್ಟು, ಬಲ್ಲವರು ಓದಿ ಹೇಳಿದರೆ ಬದುಕಿರುವವರ ಪ್ರಾಣವನ್ನು ಉಳಿಸಬಹುದು. ಹತ್ತೊಂಬತ್ತನೆಯ ಶತಮಾನದ ಲಂಡನ್ ನಗರದ ಕಾಲರಾ ಇದಕ್ಕೆ ಉತ್ತಮ ನಿದರ್ಶನ.

ಇಂಗ್ಲೆಂಡಿನಲ್ಲಿ ಜನನ ಮರಣಗಳ ಸರ್ಕಾರಿ ನೋಂದಣಿಯು 1837ರಲ್ಲಿ ಆರಂಭವಾಯಿತು. ಎರಡು ವರ್ಷಗಳೊಳಗೆ ವಿಲಿಯಂ ಫಾರ್ ಎಂಬ ವೈದ್ಯರು ಆ ಕಚೇರಿಯನ್ನು ಸೇರಿದರು. ಎಲ್ಲಿ, ಯಾವ ಕಾಯಿಲೆಯಿಂದ, ಎಷ್ಟು ಮಂದಿ ಸತ್ತರೆಂಬುದು ಲಂಡನ್ನಿನ ಮಟ್ಟಿಗೆ ವಾರವಾರವೂ ಅಚ್ಚಾಗಿ ಹೊರಬರತೊಡಗಿತು. ಹಣ ಕೊಟ್ಟು ಕೊಳ್ಳುವ ಯಾರಿಗಾದರೂ ಅದು ಲಭ್ಯವಿತ್ತು. ಆದರೂ ಕಾಲರಾ ಏಕೆ ಬರುತ್ತದೆಂಬುದು ಮಾತ್ರ ತಿಳಿಯಲಿಲ್ಲ. ಕೊಳೆತ ವಸ್ತುಗಳಿಂದೇಳುವ ದುರ್ವಾಯುವೇ ಕಾರಣವೆಂದು ಬಹುಮಂದಿ ನಂಬಿದ್ದರು. ನದಿಯ ಮಟ್ಟದಿಂದ ಮೇಲೇರಿದಷ್ಟೂ ಕಾಲರಾ ಕಡಿಮೆಯಾಗುವುದನ್ನು ಲೆಕ್ಕಹಾಕಿ ತೋರಿಸಿದ ಫಾರ್ ಅವರ ಒಲವೂ ಅತ್ತಲೇ ಇದ್ದಿತು. ಲೆಕ್ಕ ಸರಿಯಾಗಿತ್ತು, ಅದರಿಂದ ತೆಗೆದ ಅರ್ಥ ತಪ್ಪಾಗಿತ್ತು. ಲೆಕ್ಕಪತ್ರಗಳ ನಡುವೆ ಬಾಳುವವರಿಗೆ ಇದು ಅಪರಿಚಿತವಾದ ಅನುಭವವೇನಲ್ಲ.

ಕುಡಿಯುವ ನೀರಿನಿಂದಲೇ ಕಾಲರಾ ಹರಡುವುದೆಂದು ವಾದಿಸಿದವರು ವೈದ್ಯ ಜಾನ್ ಸ್ನೋ. ಬ್ರಾಡ್ ಸ್ಟ್ರೀಟಿನ ಪಂಪಿನ ಹಿಡಿಯನ್ನು 1854ರ ಸೆಪ್ಟೆಂಬರಿನಲ್ಲಿ ತೆಗೆಸಿದ ಕಥೆ ಅನೇಕರಿಗೆ ಗೊತ್ತು. ಅದಕ್ಕಿಂತಲೂ ಗಟ್ಟಿಯಾದ ಪುರಾವೆ ದೊರೆತದ್ದು ದಕ್ಷಿಣ ಲಂಡನ್ನಿನಲ್ಲಿ. ಅಲ್ಲಿ ಎರಡು ಖಾಸಗಿ ಕಂಪನಿಗಳ ಕೊಳವೆಗಳು ಒಂದೇ ಬೀದಿಯಲ್ಲಿ ಸಾಗಿದ್ದವು. ಅಕ್ಕಪಕ್ಕದ ಮನೆಗಳಿಗೆ ಬೇರೆ ಬೇರೆ ನೀರು. ಲ್ಯಾಂಬೆತ್ ಕಂಪನಿಯು 1852ರಲ್ಲಿ ತನ್ನ ನೀರೆತ್ತುವ ಸ್ಥಳವನ್ನು ಚರಂಡಿಗಳು ಥೇಮ್ಸ್ ನದಿಗೆ ಸೇರುವುದಕ್ಕಿಂತ ಬಹಳ ಮೇಲಕ್ಕೆ ಸಾಗಿಸಿತ್ತು. ಸದರ್ಕ್ ಮತ್ತು ವಾಕ್ಸ್‌ಹಾಲ್ ಕಂಪನಿಯು ನಗರದೊಳಗಣ ಹೊಲಸು ನೀರನ್ನೇ ಎತ್ತುತ್ತಿತ್ತು. ಗಾಳಿ ಒಂದೇ, ಬೀದಿ ಒಂದೇ, ನೀರು ಮಾತ್ರ ಬೇರೆ.

ಆದರೆ ಸತ್ತವರ ಮನೆಗೆ ಯಾವ ಕಂಪನಿಯ ನೀರು ಬರುತ್ತಿತ್ತೆಂಬುದಕ್ಕೆ ದಾಖಲೆಯಲ್ಲಿ ಅಂಕಣವಿರಲಿಲ್ಲ. ಸ್ನೋ ನೋಂದಣಿ ಕಚೇರಿಯಿಂದ ವಿಳಾಸಗಳನ್ನು ಪಡೆದು ಮನೆಮನೆಗೆ ಹೋಗಿ ವಿಚಾರಿಸಿದರು. ಬಾಡಿಗೆದಾರರಲ್ಲಿ ಅನೇಕರಿಗೆ ಕಂಪನಿಯ ಹೆಸರೇ ತಿಳಿಯದು. ನೀರಿನ ಹಣವನ್ನು ಮಾಲೀಕರು ಕಟ್ಟುತ್ತಿದ್ದರು. ಆಗ ಸ್ನೋ ಒಂದು ಸೀಸೆ ನೀರನ್ನು ತಂದು ಸಿಲ್ವರ್ ನೈಟ್ರೇಟ್ ಬೆರೆಸಿ ಉಪ್ಪಿನ ಅಂಶವನ್ನು ಪರೀಕ್ಷಿಸುತ್ತಿದ್ದರು. ಕೆಳಗಿನ ನೀರಿನಲ್ಲಿ ಗ್ಯಾಲನ್ನಿಗೆ 37.9 ಗ್ರೇನ್ ಉಪ್ಪಿದ್ದರೆ ಮೇಲಿನದರಲ್ಲಿ 0.95 ಮಾತ್ರ. ಆರಂಭದ ಫಲಿತಾಂಶವನ್ನು ಕಂಡು ಫಾರ್ ಬೆರಗಾದರು. ಅವರ ಸೂಚನೆಯಂತೆ 1854ರ ಆಗಸ್ಟ್ 26ರ ನಂತರದ ಪ್ರತಿಯೊಂದು ಕಾಲರಾ ಸಾವಿನಲ್ಲೂ ಆ ಮನೆಯ ನೀರಿನ ಮೂಲವನ್ನು ಬರೆಯುವಂತೆ ದಕ್ಷಿಣ ಭಾಗದ ನೋಂದಣಿ ಅಧಿಕಾರಿಗಳಿಗೆ ತಿಳಿಸಲಾಯಿತು. ತಮ್ಮ ಅಭಿಪ್ರಾಯಕ್ಕೆ ವಿರುದ್ಧವಾದ ಪುರಾವೆಗೆ ತಾವೇ ಅಂಕಣ ತೆರೆದ ಅಧಿಕಾರಿಗಳು ಯಾವ ಕಾಲದಲ್ಲಿಯೂ ವಿರಳ.

ಮೊದಲ ಏಳು ವಾರಗಳ ಲೆಕ್ಕ ಹೀಗಿತ್ತು: ಸದರ್ಕ್ ಕಂಪನಿಯ ನೀರು ಕುಡಿದ ಪ್ರತಿ 10,000 ಮನೆಗಳಿಗೆ 315 ಸಾವು, ಲ್ಯಾಂಬೆತ್ ನೀರಿನವರಲ್ಲಿ 37. ಸ್ನೋ 1858ರಲ್ಲಿ ತೀರಿಕೊಂಡಾಗಲೂ ಅವರ ವಾದಕ್ಕೆ ಪೂರ್ಣ ಮನ್ನಣೆ ದೊರೆತಿರಲಿಲ್ಲ. 1866ರಲ್ಲಿ ಕಾಲರಾ ಪೂರ್ವ ಲಂಡನ್ನಿಗೆ ಮರಳಿ ಬಂದಾಗ, ಸಾವುಗಳು ಒಂದೇ ಕಂಪನಿಯ ನೀರಿನ ಎಲ್ಲೆಯೊಳಗೆ ಕೂಡಿಕೊಂಡಿರುವುದನ್ನು ಎತ್ತಿ ತೋರಿಸಿದವರು ಸ್ವತಃ ಫಾರ್. ಸೋಸದ ನೀರನ್ನು ಬಿಟ್ಟೇ ಇಲ್ಲವೆಂದು ಕಂಪನಿ ಹೇಳಿತು. ಗಿರಾಕಿಗಳ ಕೊಳವೆಗಳಲ್ಲಿ ಹಾವುಮೀನುಗಳು ಸಿಕ್ಕಿದ್ದು ಆ ಮಾತಿಗೆ ಉತ್ತರವಾಯಿತು.

ಭಾರತದಲ್ಲಿ ಸರ್ಕಾರಿ ಅಂಕಿ-ಅಂಶಗಳನ್ನು ಜನರಿಗೆ ತೆರೆದಿಡುವ ರಾಷ್ಟ್ರೀಯ ನೀತಿ 2012ರಲ್ಲಿ ಜಾರಿಗೆ ಬಂದಿತು. ಕೋಷ್ಟಕಗಳಿಗೆ ಈಗ ಕೊರತೆಯಿಲ್ಲ. ಅವುಗಳ ಬಳಿ ಕುಳಿತು ಯಾವ ಅಂಕಣ ಬೇಕು, ಯಾವ ಅಂಕಿ ನಂಬಲರ್ಹವಲ್ಲ ಎಂದು ಹೇಳಬಲ್ಲ ವೈದ್ಯರೂ ಸಂಖ್ಯಾಶಾಸ್ತ್ರಜ್ಞರೂ ಸಾಲದು. ಮೂಲದಲ್ಲಿಯೇ ಬರೆಯದ ವಿಷಯವನ್ನು ಅವರೂ ಓದಲಾರರು. 2020ರಲ್ಲಿ ದೇಶದಲ್ಲಿ ನೋಂದಣಿಯಾದ ಸಾವುಗಳಲ್ಲಿ ಶೇಕಡಾ 22.5ಕ್ಕೆ ಮಾತ್ರ ವೈದ್ಯರು ದೃಢೀಕರಿಸಿದ ಕಾರಣವಿದ್ದಿತು. ಇದ್ದಲ್ಲಿಯೂ 'ಹೃದಯ ನಿಂತಿತು' ಎಂದಷ್ಟೇ ಬರೆಯುವುದುಂಟು. ಹೃದಯ ನಿಲ್ಲದೆ ಸತ್ತವರು ಯಾರೂ ಇಲ್ಲವಷ್ಟೆ! ಹಳೆಯ ಮಧುಮೇಹವನ್ನೋ ಕ್ಷಯವನ್ನೋ ಮನೆಯವರು ವೈದ್ಯರಿಗೆ ನೆನಪಿಸಿದರೆ ನಿಜವಾದ ಕಾರಣ ದಾಖಲಾದೀತು.

ಪರಸ್ಥಳದಲ್ಲಿ ನೆಲೆಸಿದ ಕನ್ನಡಿಗರಿಗೆ ಸಂಬಂಧಿಸಿದ ಒಂದು ಅಂಶವಂತೂ ಗಮನಾರ್ಹ. ಚಿಕಿತ್ಸೆಗೆಂದು ಊರಿನಿಂದ ಮುಂಬಯಿಗೆ ಕರೆತಂದ ತಂದೆ ಅಲ್ಲಿಯೇ ತೀರಿಕೊಂಡರೆ, ಮರಣದ ನೋಂದಣಿ ಮುಂಬಯಿಯಲ್ಲಿಯೇ ಆಗುತ್ತದೆ. 21 ದಿನಗಳೊಳಗೆ ತಿಳಿಸಬೇಕು. ಆದರೆ ನಮೂನೆಯಲ್ಲಿ ಮೃತರ ವಾಸಸ್ಥಳಕ್ಕೆ ಪ್ರತ್ಯೇಕವಾದ ಅಂಕಣವಿದೆ. ದುಃಖದ ಅವಸರದಲ್ಲಿ ಮಗನು ಅಲ್ಲಿ ತನ್ನ ಡೊಂಬಿವಲಿಯ ವಿಳಾಸವನ್ನು ಬರೆದುಬಿಟ್ಟರೆ, ಬಿಜಾಪುರದ ಹಳ್ಳಿಯಲ್ಲಿ ಬಂದ ಕಾಯಿಲೆಯು ಡೊಂಬಿವಲಿಯ ಲೆಕ್ಕಕ್ಕೆ ಸೇರುತ್ತದೆ. ಅಲ್ಲಿ ಬರೆಯಬೇಕಾದದ್ದು ಆ ಹಳ್ಳಿಯ ಹೆಸರು.