ದ್ರಾಕ್ಷಿಯ ಹುಳಿಗೆ ಎಷ್ಟು ಮಂಜು?

ವಿಜಯಪುರದಿಂದ ಅಥಣಿ ರಸ್ತೆಯನ್ನು ಹಿಡಿದು, ತೊರವಿಯನ್ನು ದಾಟಿ ತಿಕೋಟಾದ ಕಡೆಗೆ ಸಾಗುವವನಿಗೆ ದ್ರಾಕ್ಷಿಯ ಪಡಗಳೂ, ಹಣ್ಣನ್ನು ಬಲೆಯ ಅಂತಸ್ತುಗಳ ಮೇಲೆ ಹರವಿ ನೆರಳಿನಲ್ಲಿ ಒಣಗಿಸುವ ಶೆಡ್ಡುಗಳೂ ಕಣ್ಣಿಗೆ ಬೀಳುವುವು. ಮಾಗದ ಕಾಯೊಂದನ್ನು ಕಚ್ಚಿದರೆ ಹಲ್ಲು ಜುಮ್ಮೆನ್ನುವುದಷ್ಟೆ. ಆ ಹುಳಿಗೆ ಕಾರಣವಾದ ಆಮ್ಲಗಳಲ್ಲಿ ಮುಖ್ಯವಾದುದು ಟಾರ್ಟಾರಿಕ್ ಆಮ್ಲ. ನಮ್ಮ ಸಾರಿಗೆ ಹಿಂಡುವ ಹುಣಸೆಯ ಹುಳಿಯೂ ಅದರದೇ. ಅದರ ಅಣುವನ್ನು ಗಣಕದ ತೆರೆಯ ಮೇಲೆ ನೋಡಬೇಕೆಂಬ ಚಪಲ ನನಗೆ ಹುಟ್ಟಿದ್ದು ಇಂಥ ಒಂದು ಪಡದ ಬದುವಿನಲ್ಲಿಯೇ.

ಅಣುವನ್ನು ‘ನೋಡುವುದು’ ಎಂಬುದು ಕೇವಲ ಔಪಚಾರಿಕವಾದ ಮಾತು. ಎರಡು ಇಂಗಾಲದ ಪರಮಾಣುಗಳ ನಡುವಣ ಅಂತರ 1.54 ಆಂಗ್‌ಸ್ಟ್ರಾಮ್, ಅಂದರೆ ಸೆಂಟಿಮೀಟರನ್ನು ಹತ್ತು ಕೋಟಿ ಪಾಲು ಮಾಡಿದಾಗ ದೊರೆಯುವ ಒಂದೂವರೆ ಪಾಲು. ಕಣ್ಣಿಗೆ ಕಾಣುವ ಬೆಳಕಿನ ಅಲೆಯಾದರೋ ಸುಮಾರು ನಾಲ್ಕು ಸಾವಿರದಿಂದ ಏಳು ಸಾವಿರ ಆಂಗ್‌ಸ್ಟ್ರಾಮ್ ಉದ್ದದ್ದು. ಆದುದರಿಂದ ಪರಮಾಣುವಿಗೆ ಬಣ್ಣವಿಲ್ಲ, ಹೊಳಪಿಲ್ಲ, ನೆರಳಿಲ್ಲ. ಇಂಗಾಲ ಕಪ್ಪು, ಆಮ್ಲಜನಕ ಕೆಂಪು, ಜಲಜನಕ ಬಿಳುಪು ಎಂಬ ಕಟ್ಟಳೆಯ ಮೂಲ, 1865ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನ ಉಪನ್ಯಾಸವೊಂದರಲ್ಲಿ ಹಾಫ್‌ಮನ್ ಎಂಬ ರಸಾಯನಜ್ಞನು ಸಭಿಕರೆದುರು ಹಿಡಿದ, ಬಣ್ಣ ಬಳಿದ ಕ್ರೋಕೆ ಆಟದ ಚೆಂಡುಗಳಲ್ಲಿದೆ.

ಎಲ್ಲವೂ ಕಲ್ಪಿತವಾದ ಮೇಲೆ ತೆರೆಯ ಚಿತ್ರಕ್ಕೆ ಯಾವ ಬೆಳಕಾದರೇನು, ದೂರದ್ದನ್ನು ಮಸುಕಾಗಿಸುವ ಯಾವ ಮಂಜಾದರೇನು ಎಂದು ಕೇಳುವವರುಂಟು. ಅವರಿಗೆ ಟಾರ್ಟಾರಿಕ್ ಆಮ್ಲವೇ ಉತ್ತರ ಕೊಡುತ್ತದೆ. 1848ರಲ್ಲಿ ಇಪ್ಪತ್ತೈದರ ಯುವಕ ಲೂಯಿ ಪಾಸ್ಚರ್, ಈ ಆಮ್ಲದ ಒಡಹುಟ್ಟಿನಂತಿದ್ದ ಇನ್ನೊಂದು ಆಮ್ಲದ ಲವಣದಲ್ಲಿ, ಎಡಗೈ ಬಲಗೈಗಳಂತೆ ಒಂದಕ್ಕೊಂದು ಕನ್ನಡಿಯ ಬಿಂಬವಾದ ಎರಡು ಬಗೆಯ ಹರಳುಗಳಿರುವುದನ್ನು ಕಂಡು, ಅವುಗಳನ್ನು ಕೈಯಿಂದ ಒಂದೊಂದಾಗಿ ಬೇರ್ಪಡಿಸಿದನು. ಆ ಆಮ್ಲಕ್ಕಿದ್ದ ‘ರೇಸೆಮಿಕ್’ ಎಂಬ ಹೆಸರಾದರೂ ದ್ರಾಕ್ಷಿಯ ಗೊನೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂದುದು. ಹರಳಿನಂತೆ ಅಣುವಿಗೂ ಎರಡು ಕೈಗಳು; ದ್ರಾಕ್ಷಿಯು ತಯಾರಿಸುವುದು ಅವುಗಳಲ್ಲಿ ಒಂದನ್ನು ಮಾತ್ರ.

ಹೀಗಿರಲು, 2000ದಲ್ಲಿ ವಾರೆನ್ ಡಿಲಾನೋ ಲೋಕಕ್ಕಿತ್ತ ಪೈಮಾಲ್ ತಂತ್ರಾಂಶದಲ್ಲಿ ಆ ಹದಿನಾರು ಪರಮಾಣುಗಳ ಅಣುವನ್ನು ತೆರೆದು, ಬರಿಯ ತೆಳುಗೆರೆಗಳಲ್ಲಿ ತೋರಿಸೆಂದು ಹೇಳಿ, ‘ಆರ್ಥೊಸ್ಕೋಪಿಕ್’ ಎಂಬ ನೋಟವನ್ನು ಚಾಲೂ ಮಾಡಿ, ‘ಡೆಪ್ತ್ ಕ್ಯೂ’ ಎಂಬ ಮಂಜನ್ನು ತೆಗೆದುಬಿಟ್ಟೆ. ಚಿತ್ರವೇನೋ ಅಚ್ಚುಕಟ್ಟಾಯಿತು. ಆದರೆ ದೂರದ್ದು ಸಣ್ಣದಾಗದೆ, ಹಿಂದಿನದು ಮಸುಕಾಗದೆ ಉಳಿದುದರಿಂದ, ಆ ಗೆರೆಗಳು ಬಲಗೈಯ ಅಣುವಿಗೆ ಎಷ್ಟು ಒಪ್ಪುವುವೋ ಎಡಗೈಯ ಅಣುವಿಗೂ ಅಷ್ಟೇ ಒಪ್ಪುವುವು! ಕಾಗದದ ಮೇಲೆ ಬರೆದ ಗೆರೆಯ ಪೆಟ್ಟಿಗೆಯನ್ನು ದಿಟ್ಟಿಸುತ್ತ ಕುಳಿತರೆ ಮುಂದಿನ ಮುಖ ಥಟ್ಟನೆ ಹಿಂದಕ್ಕೆ ಹೋಗುವುದಲ್ಲವೆ? ಅದೇ ಭ್ರಮೆ ಇಲ್ಲಿಯೂ.

ಮಂಜನ್ನು ಮರಳಿ ತಂದೆ. ಮಂಜಿಗೆ ಹಿನ್ನೆಲೆಯದೇ ಬಣ್ಣ. ಕಪ್ಪು ಹಿನ್ನೆಲೆಯಲ್ಲಿ ದೂರದ ಪರಮಾಣು ಕತ್ತಲೆಗೆ ಸರಿದರೆ ಬಿಳಿಯ ಹಿನ್ನೆಲೆಯಲ್ಲಿ ಬೆಳಕಿಗೆ ಕರಗುತ್ತದೆ. ಅಷ್ಟರಲ್ಲಿ ಮೌಸಿನ ಗಾಲಿಯನ್ನು ಅರಿಯದೆ ತಿರುವಿದೆನಾಗಿ ಅಣುವಿನ ಅರ್ಧ ಭಾಗವೇ ಮಾಯವಾಯಿತು. ಕಡತ ಕೆಟ್ಟಿತೆಂದು ಗಾಬರಿಯಾಗಿ ಎರಡು ಸಲ ಹೊಸದಾಗಿ ತೆರೆದೆ. ಆಮೇಲೆ ತಿಳಿಯಿತು, ಆ ಗಾಲಿ ಹಿಗ್ಗಿಸುವುದು ಕುಗ್ಗಿಸುವುದು ಚಿತ್ರವನ್ನಲ್ಲ, ದೃಶ್ಯವನ್ನು ಮುಂದೆಯೂ ಹಿಂದೆಯೂ ಕತ್ತರಿಸುವ ಎರಡು ಅದೃಶ್ಯ ಫಲಕಗಳ ನಡುವಣ ಅವಕಾಶವನ್ನು ಎಂದು. ಇನ್ನು ‘ರೇ’ ಎಂಬ ಆಜ್ಞೆಯಿಂದ ಬೀಳುವ ನೆರಳು ದೊಡ್ಡ ಪ್ರೋಟೀನುಗಳ ಗವಿಗಳನ್ನು ಚೆನ್ನಾಗಿ ಕಾಣಿಸುವುದು ನಿಜ. ಇಷ್ಟು ಪುಟ್ಟ ಅಣುವಿಗೆ ಅದು ಹೊರಲಾರದ ಒಡವೆ. ನಾನು ಅದನ್ನು ತೆಗೆದೇ ಹಾಕಿದೆ.

ಎರಡು ಕೈಗಳಲ್ಲಿ ದ್ರಾಕ್ಷಿಯದು ಯಾವುದೆಂಬುದು ಪಾಸ್ಚರನಿಗೂ ತಿಳಿದಿರಲಿಲ್ಲ. ಶತಮಾನಕ್ಕೂ ಮಿಗಿಲಾದ ಕಾಲ ಕಳೆದು, 1951ರಲ್ಲಿ ಹಾಲೆಂಡಿನ ಬೈಫೂಟ್ ಮತ್ತು ಸಂಗಡಿಗರು ಸೋಡಿಯಂ ರುಬಿಡಿಯಂ ಟಾರ್ಟ್ರೇಟಿನ ಹರಳಿನ ಮೇಲೆ ಎಕ್ಸ್ ಕಿರಣಗಳನ್ನು ಹಾಯಿಸಿ ಅದನ್ನು ನಿಶ್ಚಯಿಸಿದರು. ಅಲ್ಲಿಯವರೆಗೆ ಪುಸ್ತಕಗಳಲ್ಲಿ ಬರೆಯುತ್ತಿದ್ದ ಚಿತ್ರ ಕೇವಲ ಊಹೆಯಾಗಿದ್ದು, ದೈವವಶಾತ್ ಆ ಊಹೆ ಸರಿಯೇ ಆಗಿತ್ತು. ಅವರು ನಿಶ್ಚಯಿಸಿದ ಆ ಕೈ ಈಗ ನನ್ನ ತೆರೆಯ ಮೇಲಿದೆ: ಒಂದು ಕೆಂಪು ತುದಿ ನಿಚ್ಚಳವಾಗಿ ನನ್ನ ಕಡೆಗೆ ಚಾಚಿದೆ, ಇನ್ನೊಂದು ತೆಳುವಾದ ಮಂಜಿನೊಳಗೆ ಹಿಂದೆ ಉಳಿದಿದೆ.