ಪದವಿಯ ನಡುವಿನ ವರ್ಷ

ಮುಳಬಾಗಿಲು, ಶ್ರೀನಿವಾಸಪುರ ಅಥವಾ ಮಾಲೂರಿನಿಂದ ಬೆಳಗ್ಗೆ ಕೋಲಾರಕ್ಕೆ ಹೊರಡುವ ಸರಕಾರಿ ಬಸ್ಸಿನಲ್ಲಿ ಒಮ್ಮೆ ಕುಳಿತು ನೋಡಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ಹೆಣ್ಮಕ್ಕಳ ಓದಿಗೆ ಟಿಕೆಟಿನ ಖರ್ಚೆಂಬ ನೆಪವೂ ಉಳಿದಿಲ್ಲ. ಕಾಲೇಜಿಗೆ ಹೊರಟವರನ್ನು "ಮುಂದೇನು ಮಗಳೇ?" ಎಂದು ಕೇಳಿ. ಮೊದಲ ವರ್ಷದವಳು ನಗುತ್ತಾಳೆ. ಕೊನೆಯ ವರ್ಷದವಳು ಗಾಬರಿಯಾಗುತ್ತಾಳೆ. ಎರಡನೆಯ ವರ್ಷದವಳದ್ದು ಒಂದೇ ಉತ್ತರ: "ಡಿಗ್ರಿ ಮುಗೀಲಿ, ಆಮೇಲೆ ನೋಡೋಣ."

ಈ 'ಆಮೇಲೆ' ಎಷ್ಟು ದುಬಾರಿ ಎಂಬುದಕ್ಕೆ ಒಂದು ಲೆಕ್ಕ ಹೇಳುತ್ತೇನೆ. 2024-25ರಿಂದ ರಾಜ್ಯದಲ್ಲಿ ಮತ್ತೆ ಮೂರು ವರ್ಷದ ಪದವಿ ಬಂದಿದೆ, ಅಂದರೆ ಆರು ಸೆಮಿಸ್ಟರ್. ಎರಡನೆಯ ವರ್ಷ ಮುಗಿಯುವಾಗ ನಾಲ್ಕು ಕೈಬಿಟ್ಟು ಹೋಗಿರುತ್ತವೆ. ಬಿ.ಎಡ್. ಪ್ರವೇಶಕ್ಕೆ ಸಾಮಾನ್ಯವಾಗಿ ಶೇ. 50 ಅಂಕ ಬೇಕು. ನಾಲ್ಕು ಸೆಮಿಸ್ಟರ್‌ಗಳಲ್ಲಿ ನಿಮ್ಮ ಸರಾಸರಿ 45 ಇದ್ದರೆ, ಉಳಿದೆರಡರಲ್ಲಿ 60 ತೆಗೆಯಲೇಬೇಕು. ಮೂರನೆಯ ಸೆಮಿಸ್ಟರಿನಲ್ಲೇ ಎಚ್ಚೆತ್ತರೆ ಉಳಿದ ನಾಲ್ಕರಲ್ಲಿ 52-53 ಬಂದರೂ ಸಾಕಾಗುತ್ತಿತ್ತು. ಮೂರು ವರ್ಷದ ಎಲ್‌ಎಲ್‌ಬಿಗೂ ಸಾಮಾನ್ಯ ವರ್ಗಕ್ಕೆ ಶೇ. 45ರ ಗೆರೆಯಿದೆ. ನಮ್ಮ ಜಿಲ್ಲೆಯ ಕೆಜಿಎಫ್‌ನಲ್ಲೇ ಕಾನೂನು ಕಾಲೇಜು ಇರುವಾಗ ಅಂಕ ಸಾಲದೆ ಹಿಂತಿರುಗುವುದು ಬೇಸರದ ಸಂಗತಿ.

ಸರಕಾರಿ ಉದ್ಯೋಗ ಬಯಸುವವರಿಗೆ ಇನ್ನೊಂದು ಮಾತು. ದ್ವಿತೀಯ ದರ್ಜೆ ಸಹಾಯಕ ಹುದ್ದೆಗೆ ಪಿಯುಸಿ ಸಾಕು. ಅಂದರೆ ನೀವು ಈಗಲೇ ಅರ್ಹರು! ಆದರೆ ಕೆಪಿಎಸ್‌ಸಿ ನೇಮಕಾತಿಯಲ್ಲಿ ಕನ್ನಡ ಭಾಷಾ ಪರೀಕ್ಷೆಯೂ ಇರುತ್ತದೆ. ನಮ್ಮ ಹಲವು ಮಕ್ಕಳು ಎಡವುವುದು ಇಲ್ಲಿಯೇ. ಮನೆಯಲ್ಲಿ ಉರ್ದು, ಅಂಗಡಿ ಬೀದಿಯಲ್ಲಿ ತೆಲುಗು. ಕನ್ನಡ ಕಿವಿಗೆ ಬೀಳುತ್ತದೆ, ಕೈಗೆ ಬರುವುದಿಲ್ಲ. ಹೈಸ್ಕೂಲಿನವರೆಗೆ ಉರ್ದು ಮಾಧ್ಯಮದಲ್ಲಿ ಓದಿದ ಹುಡುಗಿ ತರಗತಿಯಲ್ಲಿ ಹಿಂದಿನ ಬೆಂಚು ಹುಡುಕುವುದು ದಡ್ಡತನದಿಂದಲ್ಲ, ನಾಚಿಕೆಯಿಂದ. ನಾನೂ ಮದ್ರಸದಿಂದ ಬಿ.ಎ.ಗೆ ಬಂದವನು. ಒತ್ತಕ್ಷರ ತಪ್ಪಿದಾಗ ಬಿದ್ದ ನಗು ಇಂದಿಗೂ ನೆನಪಿದೆ. ದಿನಕ್ಕೆ ಒಂದು ಪುಟ ಕನ್ನಡ ಪತ್ರಿಕೆ ಓದಿ, ಅದರಿಂದ ಐದು ಸಾಲು ನಿಮ್ಮ ಮಾತಿನಲ್ಲೇ ಬರೆಯಿರಿ. ಒಂದು ವರ್ಷದಲ್ಲಿ ಕೈ ಪಳಗುತ್ತದೆ. ಮೂರು ಭಾಷೆ ಬಲ್ಲ ನಿಮ್ಮಂಥವರು ಬೆಂಗಳೂರಿನಲ್ಲೂ ಸುಲಭಕ್ಕೆ ಸಿಗುವುದಿಲ್ಲ.

ನರಸಾಪುರ, ವೇಮಗಲ್, ಮಾಲೂರಿನ ಕಾರ್ಖಾನೆಗಳ ಸೆಳೆತವೂ ಇದೆ. ಮನೆಯ ಸಾಲ ತೀರಿಸಲು ಕೆಲಸಕ್ಕೆ ಹೋಗುವ ಹುಡುಗನನ್ನು ನಾನು ಹಳಿಯಲಾರೆ, ಅದೂ ಹಲಾಲ್ ದುಡಿಮೆ. ಆದರೆ ನಾಲ್ಕು ಸೆಮಿಸ್ಟರ್ ಮುಗಿಸಿ ಬಿಟ್ಟವನ ಅರ್ಜಿಯಲ್ಲಿ ವಿದ್ಯಾರ್ಹತೆ ಎಂದು ಬರೆಯಲು ಪಿಯುಸಿಯೇ ಉಳಿಯುತ್ತದೆ. ಕೆಲಸ ಅನಿವಾರ್ಯವಾದರೆ ಓದು ನಿಲ್ಲಿಸುವ ಮುನ್ನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ವಿಚಾರಿಸಿ.

"ಇಸ್ತಿಖಾರಾ ಮಾಡಿದೆ, ಏನೂ ತೋಚಲಿಲ್ಲ" ಎನ್ನುವವರಿದ್ದಾರೆ. ಎದುರಿಗಿರುವ ದಾರಿ ಯಾವುದೆಂದು ತಿಳಿದು, ಬಲ್ಲವರೊಡನೆ ಮಶ್ವರಾ ಮಾಡಿ, ಒಂದರತ್ತ ಮನಸ್ಸು ವಾಲಿದಾಗ ಅಲ್ಲಾಹನಲ್ಲಿ ಒಳಿತನ್ನು ಬೇಡುವ ನಮಾಝ್ ಅದು. ಬಿ.ಎಡ್. ಎಷ್ಟು ವರ್ಷ, ಶುಲ್ಕವೆಷ್ಟು ಎಂದೇ ವಿಚಾರಿಸದವರು ಅಲ್ಲಾಹನ ಮುಂದೆ ಯಾವ ದಾರಿಯನ್ನಿಟ್ಟು ಬೇಡುತ್ತಾರೆ?

ಹೆತ್ತವರೇ, ಹೆಣ್ಮಕ್ಕಳಿಗೆ ಸಂಬಂಧಗಳು ಬರತೊಡಗುವುದೂ ಈ ವರ್ಷವೇ. ಒಳ್ಳೆಯ ಸಂಬಂಧ ಬಿಡಬೇಡಿ, ಸರಿ. ಆದರೆ ಉಳಿದೆರಡು ಸೆಮಿಸ್ಟರ್ ಮುಗಿಸಲು ಬಿಡುತ್ತೀರಾ ಎಂದು ಗಂಡಿನ ಮನೆಯವರನ್ನು ಕೇಳಿ. ಅನೇಕ ಮನೆಗಳಲ್ಲಿ ಕೇಳುವುದೇ ಇಲ್ಲ, ಅವರು ಒಪ್ಪುವುದಿಲ್ಲವೆಂದು ನಾವೇ ತೀರ್ಮಾನಿಸಿಬಿಡುತ್ತೇವೆ. ನಿಕಾಹ್‌ಗೆ ಮುನ್ನ ಆ ಮಾತು ಆಡಿಕೊಳ್ಳಲು ಶರೀಅತ್‌ನಲ್ಲಿ ಯಾವ ಅಡ್ಡಿಯೂ ಇಲ್ಲ.

ವಿದ್ಯಾರ್ಥಿಗಳೇ, ಯಾವುದಾದರೂ ವಿಷಯ ಬಾಕಿ ಉಳಿದಿದ್ದರೆ ಆ ಅಂಕಪಟ್ಟಿಯನ್ನು ಪುಸ್ತಕದ ನಡುವೆ ಅಡಗಿಸಿಡಬೇಡಿ. ಈ ಭಾನುವಾರ ಅಬ್ಬಾ ಮನೆಯಲ್ಲಿರುವಾಗ ತೆಗೆದು ತೋರಿಸಿ. ಬೈಗುಳ ಒಂದು ಸಂಜೆಯದ್ದು. ಆ ಪರೀಕ್ಷೆಯ ಶುಲ್ಕ ಕಟ್ಟಲು ಕೊನೆಯ ದಿನ ಯಾವುದೆಂದು ಸೋಮವಾರವೇ ಕಾಲೇಜಿನ ಕಚೇರಿಯಲ್ಲಿ ಕೇಳಿಕೊಂಡು ಬನ್ನಿ.